ಬಾಗಿಲಲ್ಲೇ ತಡೆದ ನ್ಯಾಯಾಲಯ: ಡ್ರೆಡ್ ಸ್ಕಾಟ್ ಪ್ರಕರಣ, 1846–1857

1846ರ ಏಪ್ರಿಲ್ 6ರಂದು ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಸರ್ಕಿಟ್ ಕೋರ್ಟಿನಲ್ಲಿ ಎರಡು ಅರ್ಜಿಗಳು ದಾಖಲಾದವು. ಒಂದು ಡ್ರೆಡ್ ಸ್ಕಾಟ್ ಅವರದು, ಇನ್ನೊಂದು ಅವರ ಹೆಂಡತಿ ಹ್ಯಾರಿಯೆಟ್ ಅವರದು. ಇಬ್ಬರೂ ಸಹಿಯ ಜಾಗದಲ್ಲಿ ಗುರುತು ಹಾಕಿದ್ದರು. ತಮ್ಮನ್ನು ಗುಲಾಮರೆಂದು ಹಿಡಿದಿಟ್ಟುಕೊಳ್ಳುವ ಹಕ್ಕು ಐರೀನ್ ಎಮರ್ಸನ್ ಎಂಬ ವಿಧವೆಗೆ ಇಲ್ಲ, ತಾವು ಸ್ವತಂತ್ರರೆಂದು ಕೋರ್ಟು ಹೇಳಬೇಕು ಎಂಬುದಷ್ಟೇ ಅವರ ಕೋರಿಕೆ.

ಹನ್ನೊಂದು ವರ್ಷಗಳ ಬಳಿಕ, 1857ರ ಮಾರ್ಚ್ 6ರಂದು, ಇದೇ ವ್ಯಾಜ್ಯದ ಕೊನೆಯ ತೀರ್ಪು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನಿಂದ ಹೊರಬಿತ್ತು. ಗುಲಾಮರಾಗಿ ತಂದವರ ವಂಶದ ಕಪ್ಪು ಜನ, ಸ್ವತಂತ್ರರಾಗಿದ್ದರೂ ಸರಿ, ಅಮೆರಿಕದ ಪೌರರಲ್ಲ. ಫೆಡರಲ್ ಕೋರ್ಟಿನ ಮೆಟ್ಟಿಲು ಹತ್ತುವ ಅರ್ಹತೆಯೇ ಅವರಿಗಿಲ್ಲ ಎಂದು ಅದು ಹೇಳಿತು.

ಈ ಪ್ರಕರಣದ ಬಗ್ಗೆ ಬರೆಯುವವರು ಹೆಚ್ಚಾಗಿ ಆ ಕೊನೆಯ ತೀರ್ಪಿನಿಂದ ಶುರುಮಾಡಿ ಅಂತರ್ಯುದ್ಧದ ಕಡೆಗೆ ಓಡುತ್ತಾರೆ. ಆ ಅವಸರದಲ್ಲಿ ಮುಖ್ಯವಾದ ಒಂದು ಸಂಗತಿ ತಪ್ಪಿಹೋಗುತ್ತದೆ. 1846ರಲ್ಲಿ ಮಿಸೌರಿಯಲ್ಲಿ ಜಾರಿಯಲ್ಲಿದ್ದ ಕಾನೂನಿನ ಪ್ರಕಾರ ಇದು ಗೆಲ್ಲುವ ಕೇಸು, ಮಾಮೂಲಿ ಕೇಸು. ಅಂಥ ಕೇಸನ್ನು ಮೂರು ಹಂತದ ನ್ಯಾಯಾಲಯಗಳು ಹೇಗೆ ಸೋಲಿಸಿದವು ಎಂಬುದನ್ನು ಇಲ್ಲಿ ಹಂತಹಂತವಾಗಿ ನೋಡಬೇಕೆಂದಿದ್ದೇನೆ.

ಸ್ಕಾಟ್ ಕುಟುಂಬ ಎಲ್ಲೆಲ್ಲಿ ಇತ್ತು

ಕಾನೂನಿನ ಪ್ರಶ್ನೆಯೆಲ್ಲ ನಿಂತಿರುವುದು ಸ್ಥಳಗಳ ಮೇಲೆ. ಡ್ರೆಡ್ ಹುಟ್ಟಿದ್ದು ಸುಮಾರು 1799ರಲ್ಲಿ, ವರ್ಜೀನಿಯಾದಲ್ಲಿ. ಅವರ ಒಡೆಯ ಪೀಟರ್ ಬ್ಲೋ ತನ್ನ ಸಂಸಾರದ ಜೊತೆ ಅಲಬಾಮಾಕ್ಕೆ, ಅಲ್ಲಿಂದ 1830ರಲ್ಲಿ ಸೇಂಟ್ ಲೂಯಿಸ್‌ಗೆ ಬಂದರು. ಅಲ್ಲಿ ಡ್ರೆಡ್ ಅವರನ್ನು ಕೊಂಡವರು ಸೇನೆಯ ವೈದ್ಯ ಜಾನ್ ಎಮರ್ಸನ್. ಸೇನೆಯ ವೈದ್ಯನಿಗೆ ವರ್ಗಾವಣೆ ತಪ್ಪದು. 1833ರ ಕೊನೆಗೆ ಎಮರ್ಸನ್ ಇಲಿನಾಯ್ ರಾಜ್ಯದ ಫೋರ್ಟ್ ಆರ್ಮ್‌ಸ್ಟ್ರಾಂಗ್ ಕೋಟೆಗೆ ಹೋದಾಗ ಡ್ರೆಡ್ ಅವರನ್ನೂ ಕರೆದೊಯ್ದರು. ಇಲಿನಾಯ್ ಗುಲಾಮಗಿರಿ ನಿಷೇಧಿಸಿದ್ದ ರಾಜ್ಯ. 1836ರಲ್ಲಿ ಇನ್ನೂ ಉತ್ತರಕ್ಕೆ, ಫೋರ್ಟ್ ಸ್ನೆಲಿಂಗ್‌ಗೆ ವರ್ಗವಾಯಿತು. ಇಂದಿನ ಮಿನೆಸೋಟ ರಾಜ್ಯದಲ್ಲಿರುವ ಆ ಕೋಟೆ ಆಗ ವಿಸ್ಕಾನ್ಸಿನ್ ಪ್ರಾಂತ್ಯದ, ಅಂದರೆ ಇನ್ನೂ ರಾಜ್ಯವಾಗದೆ ಕೇಂದ್ರದ ಆಡಳಿತದಲ್ಲಿದ್ದ ನೆಲದ, ಭಾಗ. 1820ರ ಮಿಸೌರಿ ಒಪ್ಪಂದದ ಕಾಯ್ದೆಯ ಪ್ರಕಾರ, 1803ರ ಲೂಸಿಯಾನಾ ಖರೀದಿಯಲ್ಲಿ ಫ್ರಾನ್ಸ್‌ನಿಂದ ಬಂದ ನೆಲದಲ್ಲಿ ಮಿಸೌರಿಯನ್ನು ಬಿಟ್ಟು 36 ಡಿಗ್ರಿ 30 ಮಿನಿಟು ಅಕ್ಷಾಂಶದ ಉತ್ತರಕ್ಕೆ ಎಲ್ಲಿಯೂ ಗುಲಾಮಗಿರಿ ಇರುವಂತಿಲ್ಲ. ಕೋಟೆ ಆ ರೇಖೆಯಿಂದ ಬಹಳ ಉತ್ತರಕ್ಕಿತ್ತು.

ಅಲ್ಲಿ ಡ್ರೆಡ್ ಅವರಿಗೆ ಹ್ಯಾರಿಯೆಟ್ ರಾಬಿನ್ಸನ್ ಪರಿಚಯವಾಯಿತು. ಹ್ಯಾರಿಯೆಟ್ ಆ ಪ್ರದೇಶದ ‘ಇಂಡಿಯನ್ ಏಜೆಂಟ್’, ಅಂದರೆ ಮೂಲನಿವಾಸಿ ಬುಡಕಟ್ಟುಗಳ ವ್ಯವಹಾರ ನೋಡುವ ಸರ್ಕಾರಿ ಅಧಿಕಾರಿ, ಲಾರೆನ್ಸ್ ತಾಲಿಯಫೆರೊ ಅವರ ಮನೆಯಲ್ಲಿದ್ದರು. ತಾಲಿಯಫೆರೊ ಅವರಿಗೆ ಮ್ಯಾಜಿಸ್ಟ್ರೇಟ್ ಅಧಿಕಾರವೂ ಇದ್ದುದರಿಂದ ಇಬ್ಬರ ಮದುವೆಯನ್ನು ಅವರೇ ವಿಧಿವತ್ತಾಗಿ ನಡೆಸಿದರು. ಇದು ಸಣ್ಣ ವಿವರವಲ್ಲ. ಗುಲಾಮಗಿರಿ ಇದ್ದ ರಾಜ್ಯಗಳಲ್ಲಿ ಗುಲಾಮರು ಮಾಡಿಕೊಂಡ ಮದುವೆಗೆ ಕಾನೂನಿನ ಬೆಲೆಯೇ ಇರಲಿಲ್ಲ. ಒಡೆಯನ ಒಪ್ಪಿಗೆಯ ಮೇಲೆ ಅಧಿಕಾರಿಯೊಬ್ಬರ ಮುಂದೆ ಮದುವೆ ನಡೆಯಿತೆಂದರೆ, ಆ ನೆಲದಲ್ಲಿ ಆ ಇಬ್ಬರನ್ನು ಏನೆಂದು ಕಾಣಲಾಯಿತು? ಈ ಪ್ರಶ್ನೆ ಮುಂದೆ ಒಬ್ಬ ನ್ಯಾಯಮೂರ್ತಿಯ ಕಣ್ಣಿಗೆ ಬೀಳುತ್ತದೆ.

ಎಮರ್ಸನ್ ತಾವು ಬೇರೆಡೆ ಹೋದಾಗ ಈ ದಂಪತಿಯನ್ನು ಕೋಟೆಯಲ್ಲೇ ಬೇರೆಯವರಿಗೆ ಬಾಡಿಗೆಗೆ ಬಿಟ್ಟುಹೋಗಿದ್ದರು. ಗುಲಾಮಗಿರಿ ನಿಷಿದ್ಧವಾದ ನೆಲದಲ್ಲಿ ಗುಲಾಮರ ದುಡಿಮೆಯ ಬಾಡಿಗೆ ಪಡೆಯುವುದೆಂದರೆ ಕಾಯ್ದೆಯನ್ನು ಮುರಿಯುವುದೇ. 1838ರಲ್ಲಿ ದಂಪತಿ ಲೂಸಿಯಾನಾಕ್ಕೆ ಹೋಗಿ ಕೋಟೆಗೆ ಮರಳಿ ಬರುವಾಗ ಮಿಸಿಸಿಪಿ ನದಿಯಲ್ಲಿ, ಮಿಸೌರಿಯ ಉತ್ತರದ ಗಡಿ ದಾಟಿದ ಮೇಲೆ, ಜಿಪ್ಸಿ ಎಂಬ ಉಗಿದೋಣಿಯಲ್ಲಿ ಹಿರಿಯ ಮಗಳು ಎಲೈಜಾ ಹುಟ್ಟಿದಳು. ಕಿರಿಯಳು ಲಿಜ್ಜಿ ಹುಟ್ಟಿದ್ದು ಸೇಂಟ್ ಲೂಯಿಸ್ ಹತ್ತಿರದ ಸೇನಾ ಠಾಣೆಯಲ್ಲಿ. 1843ರ ಡಿಸೆಂಬರಿನಲ್ಲಿ ಎಮರ್ಸನ್ ತೀರಿಕೊಂಡರು. ಹೆಂಡತಿ ಐರೀನ್ ಅವರು ಸ್ಕಾಟ್ ದಂಪತಿಯನ್ನು ಬಾಡಿಗೆಗೆ ಕೊಡುವುದನ್ನು ಮುಂದುವರಿಸಿದರು. ಹಣ ಕೊಟ್ಟು ಬಿಡುಗಡೆ ಪಡೆಯುತ್ತೇವೆಂದು ಡ್ರೆಡ್ ಕೇಳಿದಾಗ ಅವರು ಒಪ್ಪಲಿಲ್ಲ. ಆಮೇಲೆ ಉಳಿದದ್ದು ಕೋರ್ಟು.

ಹ್ಯಾರಿಯೆಟ್ ಅವರ ಅರ್ಜಿ ಗಂಡನ ಅರ್ಜಿಯ ನಕಲೆಂದು ತಿಳಿಯಬಾರದು. ಗುಲಾಮಗಿರಿಯ ಕಾನೂನಿನಲ್ಲಿ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನು ಅನುಸರಿಸುತ್ತಿತ್ತು. ಡ್ರೆಡ್ ಒಬ್ಬರೇ ಗೆದ್ದರೆ ಹೆಣ್ಣುಮಕ್ಕಳಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ಹ್ಯಾರಿಯೆಟ್ ಗೆದ್ದರೆ ಎಲೈಜಾ, ಲಿಜ್ಜಿ ಇಬ್ಬರೂ ಸ್ವತಂತ್ರರು. ಹೆಣ್ಣುಮಕ್ಕಳು ಬೆಳೆದಂತೆ ಮಾರಾಟವಾಗುವ ಭಯ ದಿನದಿನಕ್ಕೂ ಹೆಚ್ಚುವ ಊರದು. 1850ರ ಫೆಬ್ರವರಿಯಲ್ಲಿ ಎರಡೂ ಕಡೆಯ ವಕೀಲರು ಸೇರಿ, ಡ್ರೆಡ್ ಅವರ ಕೇಸಿನಲ್ಲಿ ಬರುವ ಫಲಿತಾಂಶವೇ ಹ್ಯಾರಿಯೆಟ್ ಅವರ ಕೇಸಿಗೂ ಅನ್ವಯವಾಗಲಿ ಎಂದು ಒಪ್ಪಿಕೊಂಡರು. ಅಂದಿನಿಂದ ದಾಖಲೆಗಳಲ್ಲಿ ಹ್ಯಾರಿಯೆಟ್ ಹೆಸರು ಮರೆಯಾಯಿತು. ಇತಿಹಾಸದ ಪುಸ್ತಕಗಳಲ್ಲೂ ಬಹುಕಾಲ ಹಾಗೆಯೇ ಉಳಿಯಿತು.

ಗೆಲ್ಲುವ ಕೇಸು

ಗುಲಾಮಗಿರಿಯ ರಾಜ್ಯವಾದ ಮಿಸೌರಿಯಲ್ಲಿ ಗುಲಾಮರು ಬಿಡುಗಡೆಗಾಗಿ ದಾವೆ ಹೂಡಲು ಕಾಯ್ದೆಯಲ್ಲೇ ಅವಕಾಶವಿತ್ತು. ಸೇಂಟ್ ಲೂಯಿಸ್ ಕೋರ್ಟಿನ ಹಳೆಯ ಕಡತಗಳಲ್ಲಿ ಅಂಥ 300ಕ್ಕೂ ಹೆಚ್ಚು ದಾವೆಗಳು ಸಿಕ್ಕಿವೆ. 1824ರ ವಿನ್ನಿ ಎಂಬ ಮಹಿಳೆಯ ಪ್ರಕರಣದಲ್ಲಿ ಮಿಸೌರಿಯ ಸುಪ್ರೀಂ ಕೋರ್ಟು ನಿಯಮವೊಂದನ್ನು ಗಟ್ಟಿಮಾಡಿತ್ತು: ಒಡೆಯನೇ ಗುಲಾಮರನ್ನು ಸ್ವತಂತ್ರ ನೆಲದಲ್ಲಿ ವಾಸಕ್ಕೆ ಕರೆದೊಯ್ದರೆ ಅವರು ಸ್ವತಂತ್ರರಾಗುತ್ತಾರೆ, ಮಿಸೌರಿಗೆ ಮರಳಿದ ಮಾತ್ರಕ್ಕೆ ಆ ಸ್ವಾತಂತ್ರ್ಯ ಅಳಿಯದು. 1836ರ ರೇಚಲ್ ಪ್ರಕರಣ ಇನ್ನೂ ಹತ್ತಿರದ್ದು. ರೇಚಲ್ ಅವರ ಒಡೆಯನೂ ಸೇನಾಧಿಕಾರಿ, ಅವರನ್ನು ಕರೆದೊಯ್ದದ್ದೂ ಫೋರ್ಟ್ ಸ್ನೆಲಿಂಗ್‌ಗೇ. ಸರ್ಕಾರದ ಆಜ್ಞೆಯಂತೆ ಹೋಗಿದ್ದೆ ಎಂಬ ಸಮಜಾಯಿಷಿಯನ್ನು ಕೋರ್ಟು ತಳ್ಳಿಹಾಕಿ, ಅಲ್ಲಿ ಗುಲಾಮರನ್ನು ಇಟ್ಟುಕೊಳ್ಳಬೇಕೆಂದು ಯಾವ ಆಜ್ಞೆಯೂ ಇರಲಿಲ್ಲ ಎಂದಿತ್ತು. ಸ್ಕಾಟ್ ದಂಪತಿಯ ಕೇಸಿಗೆ ಇದಕ್ಕಿಂತ ಸರಿಹೊಂದುವ ಪೂರ್ವನಿದರ್ಶನ ಇನ್ನೇನು ಬೇಕು?

ಆದರೂ 1847ರ ಜೂನ್‌ನಲ್ಲಿ ನಡೆದ ಮೊದಲ ವಿಚಾರಣೆಯಲ್ಲಿ ಅವರು ಸೋತರು. ಐರೀನ್ ಎಮರ್ಸನ್ ಅವರು ಸ್ಕಾಟ್ ದಂಪತಿಯನ್ನು ಗುಲಾಮರಾಗಿ ಇಟ್ಟುಕೊಂಡಿದ್ದಾರೆ ಎಂಬುದಕ್ಕೆ ಸಾಕ್ಷಿ ಬೇಕಿತ್ತು. ಅವರನ್ನು ಬಾಡಿಗೆಗೆ ಪಡೆದಿದ್ದ ಸ್ಯಾಮ್ಯುಯೆಲ್ ರಸೆಲ್ ಸಾಕ್ಷಿ ನುಡಿಯಲು ಬಂದರು. ಪಾಟೀಸವಾಲಿನಲ್ಲಿ, ಬಾಡಿಗೆಯ ಮಾತುಕತೆ ನಡೆಸಿದ್ದು ತಾನಲ್ಲ, ತನ್ನ ಹೆಂಡತಿ ಎಂದುಬಿಟ್ಟರು. ಹಾಗಾದರೆ ಅವರ ಮಾತು ಬರೀ ಕೇಳಿದ ಮಾತು, ಸಾಕ್ಷ್ಯವಾಗಿ ನಿಲ್ಲದು. ಐರೀನ್ ಎಮರ್ಸನ್ ಇವರನ್ನು ಗುಲಾಮರೆಂದು ಹಿಡಿದಿಟ್ಟಿದ್ದಾರೆ ಎಂದು ಸಾಬೀತಾಗಲಿಲ್ಲ, ಆದ್ದರಿಂದ ಇವರು ಐರೀನ್ ಎಮರ್ಸನ್ ಅವರ ಗುಲಾಮರಾಗಿಯೇ ಉಳಿದರು! ಈ ಒಂದು ಎಡವಟ್ಟಿಗೆ ತೆತ್ತ ಬೆಲೆಯನ್ನು ಯೋಚಿಸಿದಾಗ ಇವತ್ತಿಗೂ ಸಂಕಟವಾಗುತ್ತದೆ. ಆ ದಿನ ರಸೆಲ್ ಅವರ ಹೆಂಡತಿ ಸಾಕ್ಷಿಕಟ್ಟೆಯಲ್ಲಿದ್ದಿದ್ದರೆ ಈ ಕೇಸು ಅಲ್ಲಿಗೇ ಮುಗಿದು, ಕಡತದ ಕಟ್ಟಿನಲ್ಲಿ ನೂರಾರು ಕೇಸುಗಳ ನಡುವೆ ಒಂದಾಗಿ ಸೇರಿಹೋಗುತ್ತಿತ್ತು.

ನ್ಯಾಯಾಧೀಶ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮರುವಿಚಾರಣೆಗೆ ಅವಕಾಶ ಕೊಟ್ಟರು. ಅದರ ವಿರುದ್ಧ ಎಮರ್ಸನ್ ಕಡೆಯ ಆಕ್ಷೇಪ, 1849ರಲ್ಲಿ ನಗರಕ್ಕೆ ಬಿದ್ದ ಬೆಂಕಿ, ಕಾಲರಾ, ಹೀಗೆ ಕಾಲ ಸರಿಯಿತು. ಈ ನಡುವೆ ಸ್ಕಾಟ್ ಕುಟುಂಬ ಶೆರಿಫನ ಸುಪರ್ದಿಯಲ್ಲಿತ್ತು. ಅವರ ದುಡಿಮೆಯ ಬಾಡಿಗೆ ಕೇಸು ತೀರುವವರೆಗೆ ಠೇವಣಿಯಾಗಿ ಸೇರುತ್ತಿತ್ತು. 1850ರ ಜನವರಿಯಲ್ಲಿ ಮರುವಿಚಾರಣೆ ನಡೆದು, ಬಿಳಿಯರೇ ಇದ್ದ ಜ್ಯೂರಿ ಸ್ಕಾಟ್ ಪರ ತೀರ್ಪು ಕೊಟ್ಟಿತು. ಆ ಕ್ಷಣದಲ್ಲಿ ಅವರು ಕಾನೂನಿನ ಕಣ್ಣಿನಲ್ಲಿ ಸ್ವತಂತ್ರರು.

ಎಮರ್ಸನ್ ಮೇಲ್ಮನವಿ ಹಾಕಿದರು. ಅಷ್ಟರಲ್ಲಿ ದೇಶದ ಹವೆ ಬದಲಾಗಿತ್ತು. ಮೆಕ್ಸಿಕೊದಿಂದ ಗೆದ್ದ ನೆಲದಲ್ಲಿ ಗುಲಾಮಗಿರಿ ಇರಬೇಕೆ ಬೇಡವೆ ಎಂಬ ಜಗಳ ರಾಜಕೀಯವನ್ನೆಲ್ಲ ಆವರಿಸಿತ್ತು. ಮಿಸೌರಿಯ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಈಗ ಚುನಾವಣೆಯಲ್ಲಿ ಗೆದ್ದು ಬರುತ್ತಿದ್ದರು. 1852ರ ಮಾರ್ಚ್ 22ರಂದು ಆ ಕೋರ್ಟು 2–1ರ ಬಹುಮತದಿಂದ ಜ್ಯೂರಿಯ ತೀರ್ಪನ್ನು ತಿರುಗಿಸಿತು. ಹಿಂದಿನ ತೀರ್ಪುಗಳು ಬಂದಾಗಿನ ಕಾಲ ಈಗಿಲ್ಲ ಎಂದು ನ್ಯಾಯಮೂರ್ತಿ ವಿಲಿಯಂ ಸ್ಕಾಟ್ ನೇರವಾಗಿಯೇ ಬರೆದರು. ಸ್ವತಃ ಗುಲಾಮರನ್ನು ಹೊಂದಿದ್ದ ಹ್ಯಾಮಿಲ್ಟನ್ ಗ್ಯಾಂಬಲ್ ಭಿನ್ನಮತ ದಾಖಲಿಸಿ, ಕಾಲ ಬದಲಾದರೂ ನ್ಯಾಯದ ತತ್ವ ಬದಲಾಗಿಲ್ಲ ಎಂಬ ನಿಲುವಿಗೆ ಅಂಟಿಕೊಂಡರು. 28 ವರ್ಷ ನಡೆದುಕೊಂಡು ಬಂದ ನಿಯಮ ಬಿದ್ದದ್ದು ಹೊಸ ಶಾಸನದಿಂದಲ್ಲ, ಹೊಸ ಸಾಕ್ಷ್ಯದಿಂದಲೂ ಅಲ್ಲ.

ಫೆಡರಲ್ ಕೋರ್ಟು

ಡ್ರೆಡ್ ಅವರ ಹಳೆಯ ಒಡೆಯ ಪೀಟರ್ ಬ್ಲೋ ಅವರ ಮಕ್ಕಳು ಮೊದಲಿನಿಂದಲೂ ಈ ಖಟ್ಲೆಗೆ ಹಣದ ನೆರವು ಕೊಡುತ್ತಿದ್ದರು. ಐರೀನ್ ಈ ವೇಳೆಗೆ ಮ್ಯಾಸಚೂಸೆಟ್ಸ್‌ಗೆ ಹೋಗಿ ಕ್ಯಾಲ್ವಿನ್ ಚಾಫಿ ಎಂಬ ವೈದ್ಯರನ್ನು ಮದುವೆಯಾಗಿದ್ದರು. ಚಾಫಿ ಗುಲಾಮಗಿರಿಯ ವಿರೋಧಿ, ಮುಂದೆ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರೂ ಆದರು. ಐರೀನ್ ಅವರ ಅಣ್ಣ, ನ್ಯೂಯಾರ್ಕಿನ ಜಾನ್ ಸ್ಯಾನ್‌ಫರ್ಡ್, ಸ್ಕಾಟ್ ಕುಟುಂಬದ ಮೇಲೆ ಹಕ್ಕಿದೆ ಎನ್ನುತ್ತಿದ್ದರು. ಬೇರೆ ಬೇರೆ ರಾಜ್ಯಗಳ ಪೌರರ ನಡುವಿನ ವ್ಯಾಜ್ಯವನ್ನು ಫೆಡರಲ್ ಕೋರ್ಟು ಕೇಳಬಹುದು. ವಕೀಲ ರಾಸ್ವೆಲ್ ಫೀಲ್ಡ್ ಈ ದಾರಿ ಹಿಡಿದು 1853ರಲ್ಲಿ ಹೊಸ ದಾವೆ ಹೂಡಿದರು. ಮಿಸೌರಿಯ ಪೌರ ಡ್ರೆಡ್ ಸ್ಕಾಟ್, ನ್ಯೂಯಾರ್ಕಿನ ಪೌರ ಸ್ಯಾನ್‌ಫರ್ಡ್ ಮೇಲೆ ಎಂಬುದು ಅದರ ರೂಪ.

ಸ್ಯಾನ್‌ಫರ್ಡ್ ಕಡೆಯವರು ಕೊಟ್ಟ ಉತ್ತರ ಕೇಸಿನ ಸ್ವರೂಪವನ್ನೇ ಬದಲಿಸಿತು. ಸ್ಕಾಟ್ ಆಫ್ರಿಕನ್ ವಂಶದವರು, ಗುಲಾಮರಾಗಿ ತಂದು ಮಾರಿದವರ ಸಂತತಿ; ಆದ್ದರಿಂದ ಪೌರರಲ್ಲ, ದಾವೆ ಹೂಡುವಂತಿಲ್ಲ ಎಂದರು. ನ್ಯಾಯಾಧೀಶ ರಾಬರ್ಟ್ ವೆಲ್ಸ್ ಒಪ್ಪಲಿಲ್ಲ. ದಾವೆಯ ಮಟ್ಟಿಗೆ ಪೌರನೆನಿಸಲು ಆ ರಾಜ್ಯದಲ್ಲಿ ವಾಸ, ಆಸ್ತಿ ಹೊಂದುವ ಅರ್ಹತೆ ಇಷ್ಟೇ ಸಾಕು ಎಂದು ವಿಚಾರಣೆ ನಡೆಸಿದರು. ಸ್ಕಾಟ್ ಸೋತರು, ಮೇಲ್ಮನವಿ ವಾಷಿಂಗ್ಟನ್ನಿಗೆ ಹೋಯಿತು.

ಅಲ್ಲಿದ್ದ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಗುಲಾಮಗಿರಿಯ ರಾಜ್ಯಗಳವರು. ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ಮೇರಿಲ್ಯಾಂಡಿನವರು, 80ರ ಹತ್ತಿರದ ವಯಸ್ಸು. ತಮ್ಮ ಸ್ವಂತ ಗುಲಾಮರನ್ನು ಅವರು ಯೌವನದಲ್ಲೇ ಬಿಡುಗಡೆ ಮಾಡಿದ್ದರು. ಇದನ್ನು ಹೇಳದೆ ಹೋದರೆ ಚಿತ್ರ ಪೂರ್ತಿಯಾಗದು. 1856ರ ಫೆಬ್ರವರಿಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಇನ್ನೊಮ್ಮೆ ವಾದ ನಡೆಯಿತು. ಸ್ಕಾಟ್ ಪರ ಮಾಂಟ್‌ಗೊಮೆರಿ ಬ್ಲೇರ್ ಶುಲ್ಕ ಪಡೆಯದೆ ವಾದಿಸಿದರು.

ನ್ಯಾಯಮೂರ್ತಿಗಳ ಮುಂದೆ ಸುಲಭದ ದಾರಿಯೊಂದಿತ್ತು. ಮಿಸೌರಿಗೆ ಮರಳಿದವರ ಸ್ಥಿತಿಯನ್ನು ಮಿಸೌರಿಯ ಕಾನೂನೇ ನಿರ್ಧರಿಸುತ್ತದೆ, ಆ ರಾಜ್ಯದ ಸುಪ್ರೀಂ ಕೋರ್ಟು ಆಗಲೇ ತೀರ್ಮಾನಿಸಿದೆ ಎಂದು ಎರಡು ಮಾತಿನಲ್ಲಿ ಮುಗಿಸಬಹುದಿತ್ತು. 1851ರಲ್ಲಿ ಕೆಂಟಕಿಯ ಪ್ರಕರಣವೊಂದರಲ್ಲಿ ಹಾಗೆಯೇ ಮಾಡಿದ್ದರು. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ನೆಲ್ಸನ್ ಇಂಥ ಒಂದು ತೀರ್ಪನ್ನು ಬರೆದೂ ಇದ್ದರು. ಆಗಲೂ ಸ್ಕಾಟ್ ಸೋಲುತ್ತಿದ್ದರು. ಆದರೆ ಒಂದು ಜನಾಂಗವನ್ನೇ ಸಂವಿಧಾನದಿಂದ ಹೊರಗಿಡುವ ತೀರ್ಪು ಬರುತ್ತಿರಲಿಲ್ಲ.

1857ರ ಫೆಬ್ರವರಿಯಲ್ಲಿ ಬಹುಮತ ಆ ದಾರಿಯನ್ನು ಕೈಬಿಟ್ಟಿತು. ಗುಲಾಮಗಿರಿಯ ಪ್ರಶ್ನೆಯನ್ನು ರಾಜಕೀಯ ಬಗೆಹರಿಸಲಾರದು, ಕೋರ್ಟೇ ಬಗೆಹರಿಸಲಿ ಎಂಬ ಹುರುಪು ಬೆಳೆಯಿತು. ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಜೇಮ್ಸ್ ಬ್ಯುಕ್ಯಾನನ್ ಇದರಲ್ಲಿ ಕೈಯಾಡಿಸಿದರು. ನ್ಯಾಯಮೂರ್ತಿ ಜಾನ್ ಕ್ಯಾಟ್ರನ್ ಅವರ ಸೂಚನೆಯಂತೆ, ಪೆನ್ಸಿಲ್ವೇನಿಯಾದ ನ್ಯಾಯಮೂರ್ತಿ ರಾಬರ್ಟ್ ಗ್ರಿಯರ್ ಅವರಿಗೆ ಪತ್ರ ಬರೆದು ದಕ್ಷಿಣದವರ ಜೊತೆ ನಿಲ್ಲುವಂತೆ ಒತ್ತಾಯಿಸಿದರು. ಗ್ರಿಯರ್ ಒಪ್ಪಿ ಮರುಪತ್ರವನ್ನೂ ಬರೆದರು. ಮಾರ್ಚ್ 4ರಂದು ಪ್ರಮಾಣವಚನದ ಭಾಷಣದಲ್ಲಿ ಬ್ಯುಕ್ಯಾನನ್, ಕೋರ್ಟಿನ ತೀರ್ಪು ಏನೇ ಬಂದರೂ ಸಂತೋಷದಿಂದ ತಲೆಬಾಗುವುದಾಗಿ ಹೇಳಿದರು. ಏನು ಬರುತ್ತದೆಂದು ಅವರಿಗೆ ಗೊತ್ತಿತ್ತು. ನಡೆಯುತ್ತಿರುವ ಕೇಸಿನಲ್ಲಿ ಅಧ್ಯಕ್ಷನಾಗುವವನು ನ್ಯಾಯಮೂರ್ತಿಯ ಮೇಲೆ ಹೀಗೆ ಒತ್ತಡ ತಂದದ್ದನ್ನು ಯಾವ ಕಾಲದ ಅಳತೆಯಿಂದಲೂ ಸಮರ್ಥಿಸಲಾಗದು.

ಟೇನಿ ತೀರ್ಪು, ಕರ್ಟಿಸ್ ಉತ್ತರ

ಎರಡು ದಿನಗಳ ನಂತರ ಟೇನಿ ಸುಮಾರು ಎರಡು ಗಂಟೆ ಕಾಲ ತಮ್ಮ ತೀರ್ಪನ್ನು ಓದಿದರು. ಏಳು ಮಂದಿ ಸ್ಕಾಟ್ ವಿರುದ್ಧ, ಇಬ್ಬರು ಪರ. ಒಂಬತ್ತು ಜನವೂ ಬೇರೆ ಬೇರೆಯಾಗಿ ಬರೆದರು.

ಟೇನಿ ಎತ್ತಿಕೊಂಡ ಮೊದಲ ಪ್ರಶ್ನೆ ಪೌರತ್ವ. ಸಂವಿಧಾನ ರಚನೆಯಾದಾಗ ಕಪ್ಪು ಜನರನ್ನು ಕೀಳು ವರ್ಗವೆಂದು ಕಾಣಲಾಗುತ್ತಿತ್ತು, ಬಿಳಿಯನು ಗೌರವಿಸಲೇಬೇಕಾದ ಯಾವ ಹಕ್ಕೂ ಅವರಿಗಿರಲಿಲ್ಲ ಎಂದು ಅವರು ಬರೆದರು. ಇದು ಆ ಕಾಲದವರ ಅಭಿಪ್ರಾಯವೆಂದು ವರ್ಣಿಸಿದ್ದೇ ಹೊರತು ಟೇನಿ ಅವರ ಸ್ವಂತ ಮಾತಲ್ಲ ಎಂದು ಅವರ ಪರ ವಹಿಸುವವರು ಹೇಳುತ್ತಾರೆ. ವಾಕ್ಯದ ಮಟ್ಟಿಗೆ ಅದು ನಿಜ. ಆದರೆ ಟೇನಿ ಆ ವರ್ಣನೆಯನ್ನೇ ಸಂವಿಧಾನದ ಶಾಶ್ವತ ಅರ್ಥವಾಗಿ ಮಾಡಿದರು. ಅಂದಿನವರ ತಿರಸ್ಕಾರ ಇಂದಿನ ನ್ಯಾಯಾಲಯಕ್ಕೆ ಆಜ್ಞೆಯಾಯಿತು. ರಾಜ್ಯವೊಂದು ತನ್ನೊಳಗೆ ಯಾರನ್ನಾದರೂ ಪೌರನೆನ್ನಲಿ, ರಾಷ್ಟ್ರದ ಪೌರನನ್ನಾಗಿ ಮಾಡಲಾರದು ಎಂದರು. ಕಾರಣವನ್ನೂ ಬಚ್ಚಿಡಲಿಲ್ಲ: ಕಪ್ಪು ಜನ ಪೌರರಾದರೆ ಯಾವ ರಾಜ್ಯಕ್ಕೆ ಬೇಕಾದರೂ ಹೋಗುತ್ತಾರೆ, ಸಾರ್ವಜನಿಕವಾಗಿ ಮಾತನಾಡುತ್ತಾರೆ, ಸಭೆ ಸೇರುತ್ತಾರೆ, ಆಯುಧ ಹಿಡಿದು ತಿರುಗುತ್ತಾರೆ. ಪೌರತ್ವದಿಂದ ಏನೇನು ಸಿಗುತ್ತದೆಂಬ ಪಟ್ಟಿಯನ್ನು ಇಷ್ಟು ಸ್ಪಷ್ಟವಾಗಿ, ಇಷ್ಟು ಭಯದಿಂದ ಬರೆದ ಭಾಗ ಇಡೀ ತೀರ್ಪಿನಲ್ಲಿ ಇನ್ನೊಂದಿಲ್ಲ.

ಸ್ಕಾಟ್ ಪೌರರಲ್ಲ, ಆದ್ದರಿಂದ ಕೋರ್ಟಿಗೆ ನ್ಯಾಯವ್ಯಾಪ್ತಿ ಇಲ್ಲ. ಇಲ್ಲಿಗೆ ನಿಲ್ಲಬೇಕಿತ್ತು. ಕೇಸು ಕೇಳುವ ಅಧಿಕಾರವೇ ತನಗಿಲ್ಲ ಎಂದ ಕೋರ್ಟು ಆ ಕೇಸಿನೊಳಗಿನ ಪ್ರಶ್ನೆಗಳನ್ನು ತೀರ್ಮಾನಿಸುವುದು ಹೇಗೆ? ಟೇನಿ ನಿಲ್ಲಲಿಲ್ಲ. ಪ್ರಾಂತ್ಯಗಳಲ್ಲಿ ಗುಲಾಮಗಿರಿ ನಿಷೇಧಿಸುವ ಅಧಿಕಾರ ಕಾಂಗ್ರೆಸ್ಸಿಗೆ ಇಲ್ಲ ಎಂದರು. ಪ್ರಾಂತ್ಯಗಳ ಬಗ್ಗೆ ಸಂವಿಧಾನ ಕೊಟ್ಟ ಅಧಿಕಾರ 1787ರಲ್ಲಿ ಕೈಯಲ್ಲಿದ್ದ ನೆಲಕ್ಕಷ್ಟೇ ಸಲ್ಲುತ್ತದೆ, 1803ರಲ್ಲಿ ಕೊಂಡ ಲೂಸಿಯಾನಾಕ್ಕೆ ಅಲ್ಲ. ಜೊತೆಗೆ, ಒಬ್ಬ ಪೌರ ತನ್ನ ಗುಲಾಮನನ್ನು ಒಂದು ಪ್ರಾಂತ್ಯಕ್ಕೆ ಕರೆದೊಯ್ದನೆಂಬ ಕಾರಣಕ್ಕೆ ಅವನ ಆಸ್ತಿ ಕಸಿಯುವುದು, ಕಾನೂನಿನ ಸೂಕ್ತ ಕ್ರಮವಿಲ್ಲದೆ ಆಸ್ತಿ ಕಸಿಯುವಂತಿಲ್ಲ ಎನ್ನುವ ಸಂವಿಧಾನದ ಐದನೇ ತಿದ್ದುಪಡಿಗೆ ವಿರುದ್ಧ ಎಂದರು. 1803ರ ಮಾರ್ಬರಿ ಪ್ರಕರಣದ ನಂತರ ಕಾಂಗ್ರೆಸ್ಸಿನ ಕಾಯ್ದೆಯೊಂದನ್ನು ಸುಪ್ರೀಂ ಕೋರ್ಟು ಅಸಾಂವಿಧಾನಿಕ ಎಂದದ್ದು ಇದೇ ಎರಡನೇ ಸಲ. ಮಿಸೌರಿ ಒಪ್ಪಂದವನ್ನು ಕಾಂಗ್ರೆಸ್ಸೇ 1854ರಲ್ಲಿ ರದ್ದುಮಾಡಿತ್ತು. ಹಾಗಾಗಿ ಈ ಭಾಗ ಹೊಡೆದದ್ದು ಗುಲಾಮಗಿರಿ ಹರಡುವುದನ್ನು ತಡೆಯಲೆಂದೇ ಹುಟ್ಟಿದ್ದ ರಿಪಬ್ಲಿಕನ್ ಪಕ್ಷದ ಬುಡಕ್ಕೆ. ಇಲಿನಾಯ್‌ನಲ್ಲಿ ವಾಸವಾಗಿದ್ದರ ಪ್ರಶ್ನೆಯನ್ನು ಕೊನೆಯಲ್ಲಿ ಕೆಲವೇ ಮಾತಿನಲ್ಲಿ ಮುಗಿಸಿದರು.

ಒಹಾಯೊದ ಜಾನ್ ಮೆಕ್ಲೀನ್ ಭಿನ್ನಮತದಲ್ಲಿ, ಗುಲಾಮ ಬರೀ ಸರಕಲ್ಲ, ಸೃಷ್ಟಿಕರ್ತನ ಮುದ್ರೆ ಹೊತ್ತವನು ಎಂದರು. ಟೇನಿ ಅವರ ಇತಿಹಾಸವನ್ನು ಇತಿಹಾಸದಿಂದಲೇ ಒಡೆದವರು ಮ್ಯಾಸಚೂಸೆಟ್ಸ್‌ನ ಬೆಂಜಮಿನ್ ಕರ್ಟಿಸ್. ಸಂವಿಧಾನಕ್ಕೂ ಮುಂಚೆ, ಒಕ್ಕೂಟದ ಕರಾರು ಜಾರಿಯಾದಾಗ, ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್, ನ್ಯೂಜೆರ್ಸಿ, ನಾರ್ತ್ ಕ್ಯಾರೊಲಿನಾ ಈ ಐದು ರಾಜ್ಯಗಳಲ್ಲಿ ಅರ್ಹತೆಯುಳ್ಳ ಸ್ವತಂತ್ರ ಕಪ್ಪು ಜನ ಮತ ಹಾಕುತ್ತಿದ್ದರು. ಸಂವಿಧಾನವನ್ನು ಅಂಗೀಕರಿಸಿದ ಜನರಲ್ಲಿ ಅವರೂ ಇದ್ದರು. ತಾವೇ ಅಂಗೀಕರಿಸಿದ ಸಂವಿಧಾನದಿಂದ ಅವರು ಹೊರಗುಳಿಯುವುದು ಹೇಗೆ? 1778ರಲ್ಲಿ ಸೌತ್ ಕ್ಯಾರೊಲಿನಾದ ಪ್ರತಿನಿಧಿಗಳು ಆ ಕರಾರಿನ ಹಕ್ಕುಗಳ ವಿಧಿಯಲ್ಲಿ ‘ಬಿಳಿಯ’ ಎಂಬ ಮಾತು ಸೇರಿಸಲು ಸೂಚನೆ ತಂದಿದ್ದರು. ಎರಡು ರಾಜ್ಯಗಳು ಪರ, ಎಂಟು ವಿರುದ್ಧ, ಒಂದು ಇಬ್ಭಾಗ. ಸೂಚನೆ ಬಿದ್ದುಹೋಯಿತು. ಅಂದಿನವರು ಆಲೋಚಿಸಿ ಬೇಡವೆಂದು ತೆಗೆದಿಟ್ಟ ಮಾತನ್ನು ಟೇನಿ 79 ವರ್ಷಗಳ ನಂತರ ತಾವೇ ಸೇರಿಸಿದರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಫೋರ್ಟ್ ಸ್ನೆಲಿಂಗ್‌ನ ಆ ಮದುವೆಯನ್ನು ಗಮನಿಸಿದವರೂ ಕರ್ಟಿಸ್ ಅವರೇ. ಗುಲಾಮಗಿರಿ ಇಲ್ಲದ ಪ್ರಾಂತ್ಯದ ಕಾನೂನಿನಡಿ ಮದುವೆಗೆ ಒಡೆಯ ಒಪ್ಪಿದನೆಂದರೆ ಅದು ಬಿಡುಗಡೆ ಮಾಡಿದಂತೆಯೇ ಎಂದು ಅವರು ವಾದಿಸಿದರು. ಆ ಮದುವೆಯನ್ನು ಆಮೇಲೆ ಮಿಸೌರಿ ಅಳಿಸಲಾರದು. ತೀರ್ಪಿನ ನಂತರ ಟೇನಿ ತಮ್ಮ ಬರಹವನ್ನು ಮತ್ತೆ ತಿದ್ದುತ್ತಿದ್ದಾರೆಂಬ ಸುದ್ದಿ ಕೇಳಿ ಕರ್ಟಿಸ್ ಪ್ರತಿ ಕೇಳಿದರು, ಕೊಡಲಿಲ್ಲ. ಕಹಿಯಾದ ಪತ್ರ ವ್ಯವಹಾರ ನಡೆದು, ಅದೇ ವರ್ಷ ಕರ್ಟಿಸ್ ರಾಜೀನಾಮೆ ಕೊಟ್ಟರು.

ಆಮೇಲೆ

ಗುಲಾಮಗಿರಿಯ ವಿರೋಧಿ ಕಾಂಗ್ರೆಸ್ ಸದಸ್ಯನ ಮನೆಗೇ ಡ್ರೆಡ್ ಸ್ಕಾಟ್ ಸೇರಿದವರೆಂದು ಪತ್ರಿಕೆಗಳು ಎತ್ತಾಡಿದಾಗ ಚಾಫಿ ಮುಜುಗರಕ್ಕೆ ಸಿಕ್ಕಿದರು. ಕುಟುಂಬವನ್ನು ಪೀಟರ್ ಬ್ಲೋ ಅವರ ಮಗ ಟೇಲರ್ ಬ್ಲೋ ಅವರಿಗೆ ಬರೆದುಕೊಟ್ಟರು. ಶೆರಿಫನ ಬಳಿ ವರ್ಷಗಟ್ಟಲೆ ಸೇರಿದ್ದ ದುಡಿಮೆಯ ಹಣವನ್ನು ಮಾತ್ರ ಐರೀನ್ ಬಿಡಲಿಲ್ಲ. 1857ರ ಮೇ 26ರಂದು ಟೇಲರ್ ಬ್ಲೋ ನಾಲ್ವರನ್ನೂ ಬಿಡುಗಡೆ ಮಾಡಿದರು. ಡ್ರೆಡ್ ಸೇಂಟ್ ಲೂಯಿಸ್‌ನ ಹೋಟೆಲೊಂದರಲ್ಲಿ ಕೂಲಿಯಾಗಿ ದುಡಿದು, 1858ರ ಸೆಪ್ಟೆಂಬರ್ 17ರಂದು ಕ್ಷಯದಿಂದ ತೀರಿಕೊಂಡರು. ಬಟ್ಟೆ ಒಗೆದು ಸಂಸಾರ ನಡೆಸಿದ ಹ್ಯಾರಿಯೆಟ್ 1876ರವರೆಗೆ ಬದುಕಿದ್ದರು.

ತೀರ್ಪು ಬಂದ ಎರಡೇ ತಿಂಗಳಿಗೆ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಹೋರಾಡುತ್ತಿದ್ದ ಫ್ರೆಡರಿಕ್ ಡಗ್ಲಸ್ ನ್ಯೂಯಾರ್ಕಿನಲ್ಲಿ ಮಾತನಾಡುತ್ತ, ತಮ್ಮ ಆಸೆ ಇಷ್ಟು ಉಜ್ವಲವಾಗಿ ಎಂದೂ ಇರಲಿಲ್ಲ ಎಂದರು. ಇಂಥ ಘೋರ ತೀರ್ಪೇ ರಾಷ್ಟ್ರದ ಮನಸ್ಸನ್ನು ಎಬ್ಬಿಸುತ್ತದೆ ಎಂಬ ನಂಬಿಕೆ ಅವರದು. ಅಬ್ರಹಾಂ ಲಿಂಕನ್ ಜೂನ್ 26ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕರ್ಟಿಸ್ ಕೊಟ್ಟ ಐದು ರಾಜ್ಯಗಳ ಪುರಾವೆಯನ್ನೇ ಎತ್ತಿ ಹೇಳಿ, ಈ ತೀರ್ಪನ್ನು ಕೋರ್ಟಿನಿಂದಲೇ ತಿದ್ದಿಸಲು ಪ್ರಯತ್ನಿಸುತ್ತೇವೆ ಎಂದರು. ಯುದ್ಧಕ್ಕೆ ಈ ಒಂದು ತೀರ್ಪೇ ಕಾರಣ ಎನ್ನುವುದು ಅತಿಯಾಯಿತು. ಆದರೆ ಕಾಂಗ್ರೆಸ್ಸಿನಲ್ಲಿ ರಾಜಿಗೆ ಉಳಿದಿದ್ದ ಜಾಗವನ್ನು ಅದು ಮುಚ್ಚಿತು ಎಂಬುದರಲ್ಲಿ ಅನುಮಾನವಿಲ್ಲ.

ತೀರ್ಪನ್ನು ರದ್ದುಪಡಿಸಿದ್ದು ಕೋರ್ಟಲ್ಲ. 1865ರ 13ನೇ ತಿದ್ದುಪಡಿ ಗುಲಾಮಗಿರಿಯನ್ನು ತೆಗೆದುಹಾಕಿತು. 1868ರ 14ನೇ ತಿದ್ದುಪಡಿಯ ಮೊದಲ ವಾಕ್ಯ ಟೇನಿ ಅವರಿಗೆ ನೇರ ಉತ್ತರ: ಅಮೆರಿಕದಲ್ಲಿ ಹುಟ್ಟಿ ಅಥವಾ ಪೌರತ್ವ ಪಡೆದು ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ ಎಲ್ಲ ವ್ಯಕ್ತಿಗಳೂ ಅಮೆರಿಕದ ಪೌರರು, ತಾವು ವಾಸಿಸುವ ರಾಜ್ಯದ ಪೌರರು ಕೂಡ. 1898ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅವರಿಗೂ ಈ ವಾಕ್ಯ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು ಹೇಳಿತು.

ಎಚ್-1ಬಿ ವೀಸಾದ ಮೇಲೆ ಅಲ್ಲಿರುವ ಕನ್ನಡ ಕುಟುಂಬಗಳಿಗೂ ಈ ವಾಕ್ಯ ದೂರದ್ದಲ್ಲ. ಅಲ್ಲಿ ಹುಟ್ಟಿದ ಅವರ ಮಕ್ಕಳ ಪೌರತ್ವ ನಿಂತಿರುವುದು ಇದರ ಮೇಲೆ. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ, ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು ತಂದೆ ಪೌರನೂ ಕಾಯಂ ನಿವಾಸಿಯೂ ಅಲ್ಲದಿದ್ದರೆ ಮಗುವಿಗೆ ಪೌರತ್ವ ಇಲ್ಲ ಎಂದಿತು. ಕೆಲವೇ ದಿನಗಳಲ್ಲಿ ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶರು ಅದಕ್ಕೆ ತಡೆ ಕೊಟ್ಟರು. 14ನೇ ತಿದ್ದುಪಡಿಯ ಉದ್ದೇಶ ಬಿಡುಗಡೆಯಾದ ಗುಲಾಮರು ಮತ್ತು ಅವರ ಮಕ್ಕಳಿಗೆ ಪೌರತ್ವ ಕೊಡುವುದಾಗಿತ್ತು ಎಂಬುದು ಸರ್ಕಾರದ ವಾದ. ಡ್ರೆಡ್ ಸ್ಕಾಟ್ ಕಡತವನ್ನು ಓದಿದ ಮೇಲೆ ನನಗೆ ಆ ವಾದ ಒಪ್ಪಿಗೆಯಾಗುವುದಿಲ್ಲ. ಅಷ್ಟೇ ಬೇಕಿದ್ದರೆ ಹಾಗೆಂದೇ ಬರೆಯಬಹುದಿತ್ತು. 1866ರಲ್ಲಿ ಆ ವಾಕ್ಯ ರಚಿಸಿದವರು, ವಂಶ ನೋಡಿ ಪೌರತ್ವ ಅಳೆದ ಕೋರ್ಟನ್ನು ಕಣ್ಣಾರೆ ಕಂಡವರು. ಅವರು ಬರೆದದ್ದು ‘ಎಲ್ಲ ವ್ಯಕ್ತಿಗಳು’ ಎಂದು.